ಓಡದವಕ್ಕೆ ಎಣ್ಣೆ

ಅವನಿಗೆ ಓಡುವ ಆಸೆ ಇರಲಿಲ್ಲ. ಕಾಲುಗಳಿದ್ದವು, ಉಸಿರಿತ್ತು, ಚಿಕ್ಕವನಿದ್ದಾಗ ಮೈಯೂ ಹಗುರವಾಗಿಯೇ ಇತ್ತು, ಆಸೆಯೊಂದು ಇರಲಿಲ್ಲ. ಈಗ ನಲವತ್ತು ದಾಟಿ, ಓಟದ ಆಸೆ ರಕ್ತದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಹುಡುಕುವ ಪ್ರಯೋಗಾಲಯದಲ್ಲಿ ಅರ್ಧ ಆಯಸ್ಸು ಕಳೆದ ಮೇಲೂ, ಬಸ್ಸು ಕಣ್ಣೆದುರೇ ಹೊರಟರೆ ನಿಂತು ನೋಡುತ್ತಿದ್ದ. ಹಿಂದೆ ಓಡಿ ಬಾಗಿಲಿಗೆ ಜೋತುಬೀಳುವವರನ್ನು ಕಂಡರೆ ಅವನಿಗೆ ಅಸಹ್ಯ. ಅವರ ಬಾಯಿ ತೆರೆದಿರುತ್ತದೆ, ಚೀಲ ಬೆನ್ನಿಗೆ ಬಡಿಯುತ್ತಿರುತ್ತದೆ, ಹತ್ತಿದ ಮೇಲೆ ಏನೋ ಗೆದ್ದವರಂತೆ ಸುತ್ತ ನೋಡುತ್ತಾರೆ. ಮನೆಯ ಕಿಟಕಿಯಿಂದ ಬಸ್‌ಸ್ಟಾಪ್ ಕಾಣುತ್ತಿತ್ತು. ಆ ಕಿಟಕಿಯಲ್ಲಿ ಅಪ್ಪ ಕೂತಿರುತ್ತಿದ್ದರು. ಮಗ ಬಸ್ಸು ತಪ್ಪಿಸಿಕೊಳ್ಳುವುದನ್ನು ನೋಡುವುದು ಅಪ್ಪನ ದಿನದ ಮೊದಲ ಸುಖ.

ಅಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಮಂಡಿ ಹೋಗಿ ಎಷ್ಟೋ ಕಾಲವಾಗಿದ್ದರೂ ಕುರ್ಚಿಯಲ್ಲೇ ಕೂತು ಬೆಳಿಗ್ಗೆ ಕೈಗಳನ್ನು ಮೇಲೆತ್ತಿ ಇಳಿಸುತ್ತಿದ್ದರು. ಬಾಯಲ್ಲಿ ಒಂದ್, ಎರಡ್, ಮೂರ್. ಆ ದಿನ ಚಹಾದ ಲೋಟ ಕೈಗೆ ಕೊಟ್ಟಾಗ, "ಏನೋ, ಇಷ್ಟು ಬೇಗ? ನಿನ್ನ ಇಲಿಗಳಿಗೆ ಸ್ಪೋರ್ಟ್ಸ್ ಡೇನಾ?" ಎಂದರು.

"ಆಯ್ಕೆ ದಿನ ಅಪ್ಪ. ಯಾವುದನ್ನ ಮರಿ ಹಾಕಿಸೋಕೆ ಇಟ್ಕೋಬೇಕು, ಯಾವುದು ಬೇಡ ಅಂತ ನೋಡೋದು."

"ಬೇಡದವನ್ನ ಏನ್ ಮಾಡ್ತೀರಾ?"

"ತೆಗೆದುಬಿಡ್ತೀವಿ."

"ನಾವು ಮನೆಗೆ ಕಳಿಸ್ತಿದ್ವಪ್ಪ," ಎಂದು ಅಪ್ಪ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಮತ್ತೆ ನಗುವಾಯಿತು. "ನಾನು ಹುಡುಗರನ್ನ ಓಡಿಸಿದೆ. ನೀನು ಇಲಿ ಓಡಿಸ್ತೀಯ. ನನ್ನ ಹುಡುಗರಿಗೆ ಕಪ್ಪಾದ್ರೂ ಸಿಗ್ತಿತ್ತು. ನಿನ್ನ ಇಲಿಗೆ ಏನು ಸಿಗತ್ತೆ?"

"ಏನೂ ಸಿಗಲ್ಲ. ಅದೇ ವಿಷಯ. ಏನೂ ಸಿಗದಿದ್ರೂ ಯಾಕೆ ಓಡ್ತಾವೆ ಅಂತಾನೇ ನಾವು ನೋಡ್ತಿರೋದು."

"ಅದನ್ನ ನನ್ನ ಕೇಳಿದ್ರೆ ಒಂದು ನಿಮಿಷದಲ್ಲಿ ಹೇಳ್ತಿದ್ದೆ. ನಿನಗೆ ಹೇಗೆ ಗೊತ್ತಾಗ್ಬೇಕು, ಮೊದ್ದು."

ಮೊದ್ದು. ಶಾಲೆಯ ಮೈದಾನದಲ್ಲಿ ಇಟ್ಟ ಹೆಸರು. ಮಗ ಎನ್ನುವ ದಾಕ್ಷಿಣ್ಯ ಇಲ್ಲವೆಂದು ಊರಿಗೆಲ್ಲ ತೋರಿಸಲು ಅಪ್ಪ ಅದನ್ನು ಸೀಟಿ ಊದಿದ ಹಾಗೆ ಕೂಗುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ಮೈದಾನ ಸುತ್ತುವಾಗ ಅವನು ನಡುವೆ ನಿಂತು, ಅವರು ಬಿಚ್ಚಿಟ್ಟ ಅಂಗಿಗಳನ್ನು ಕಾಯಬೇಕಾಗಿತ್ತು. ಬೆವರಿನ ವಾಸನೆಯ ಅಂಗಿಗಳು ತೋಳಿನ ಮೇಲೆ ಒಂದೊಂದಾಗಿ ಬಂದು ಬೀಳುತ್ತಿದ್ದವು, ಅವನೇನೋ ಗೂಟ ಎಂಬಂತೆ. ಅಂಗಿ ಎಸೆದವರಲ್ಲಿ ಒಬ್ಬನ ಮುಖವೂ ಈಗ ನೆನಪಿಲ್ಲ. ಅವರ ತೊಡೆಗಳು ನೆನಪಿವೆ, ಬೆಳ್ಳಗೆ ಧೂಳು ಮೆತ್ತಿದ ತೊಡೆಗಳು. ಎಲ್ಲರೂ ಈಗ ಹೊಟ್ಟೆ ಬೆಳೆಸಿಕೊಂಡು ಎಲ್ಲೋ ಅಂಗಡಿ ಕಾಯುತ್ತಿರಬೇಕು ಎಂದು ಲೆಕ್ಕ ಹಾಕಿದಾಗ ಸ್ವಲ್ಪ ಸಮಾಧಾನವಾಗುತ್ತಿತ್ತು. ಬಸ್ಸಿನಲ್ಲಿ ಕೂತು ಅವನು ಅದೇ ಲೆಕ್ಕ ಹಾಕುತ್ತಿದ್ದ. ಎದುರಿನ ಸೀಟಿನಲ್ಲಿ ಮೊಣಕೈಗೆ ಫೋನು ಕಟ್ಟಿಕೊಂಡವನೊಬ್ಬ ಉದ್ಯಾನದಲ್ಲಿ ಓಡಲು ಬಸ್ಸಿನಲ್ಲಿ ಹೋಗುತ್ತಿದ್ದ. ಓಡುವುದಕ್ಕೆ ಹೋಗಲು ಬಸ್ಸು. ಇಲಿಗಿಂತ ಕಡೆ ಎಂದುಕೊಂಡ. ಇಲಿಗೆ ಕನಿಷ್ಠ ಪಂಜರದಲ್ಲೇ ಚಕ್ರ ಇರುತ್ತದೆ.

ಪ್ರಾಣಿಗೃಹಕ್ಕೆ ಹೋಗುವ ಮೊದಲು ಬಟ್ಟೆಯ ಮೇಲೆ ನೀಲಿ ಗೌನು ಹಾಕಬೇಕು, ತಲೆಗೆ ಟೋಪಿ, ಕಾಲಿಗೆ ಚೀಲ. ಗೌನಿನ ಹಿಂದಿನ ದಾರಗಳು ಅವನಿಗೆ ಒಂದಕ್ಕೊಂದು ಎಟುಕುತ್ತಿರಲಿಲ್ಲ. ಆ ದಿನವೂ ಹಿಂದೆ ಕೈಹಾಕಿ ತಡಕಾಡುತ್ತಿದ್ದಾಗ ಡೈರೆಕ್ಟರು ಹಾದುಹೋದರು. ಕೆಲಸದವರೆಲ್ಲ ಅವರನ್ನು ಬೆನ್ನ ಹಿಂದೆ ಕುದುರೆ ಎನ್ನುತ್ತಿದ್ದರು. ಅರವತ್ತರ ಹತ್ತಿರ ಬಂದಿದ್ದರೂ ದಿನಾ ಓಡಿಕೊಂಡೇ ಆಫೀಸಿಗೆ ಬರುತ್ತಿದ್ದರು, ಬಂದು ಎಲ್ಲರಿಗೂ ಎಷ್ಟು ದೂರ ಎಂದು ಹೇಳುತ್ತಿದ್ದರು. "ಎರಡು ಗೌನು ಸೇರಿಸಿ ಹೊಲಿಸಿಬಿಡೋಣವಾ?" ಎಂದು ಕೇಳಿ ಅವನ ಬೆನ್ನಿಗೊಂದು ತಟ್ಟಿದರು. ಪಂಜರ ತೊಳೆಯುವವನು ನಕ್ಕ. ಅವನೂ ನಕ್ಕ. ನಗದೆ ಇದ್ದಿದ್ದರೆ ಜೋಕು ದೊಡ್ಡದಾಗುತ್ತಿತ್ತು. ಡೈರೆಕ್ಟರು ಓಟದ ವಂಶವಾಹಿಗಳ ಬಗ್ಗೆ ಭಾಷಣ ಮಾಡುವಾಗ ತಮ್ಮ ಕಾಲನ್ನು ತಾವೇ ಸವರಿಕೊಳ್ಳುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಮನುಷ್ಯ ಬೇಟೆಯ ಹಿಂದೆ ಓಡಿ ಓಡಿ ಮನುಷ್ಯನಾದ ಎನ್ನುತ್ತಿದ್ದರು. ಬೇಟೆಗೆ ಹೋಗದೆ ಗುಹೆಯಲ್ಲಿ ಮಲಗಿ, ಬಂದ ಮಾಂಸದಲ್ಲಿ ಪಾಲು ಕೇಳಿದವರ ಮಕ್ಕಳು ಎಲ್ಲಿ ಹೋದರು ಎಂದು ಯಾರೂ ಕೇಳುತ್ತಿರಲಿಲ್ಲ. ಸಭೆಯ ಕೊನೆಯ ಸಾಲಿನಲ್ಲಿ ಕೂತು ಅವನು ಮನಸ್ಸಿನಲ್ಲೇ ಉತ್ತರ ಹೇಳುತ್ತಿದ್ದ: ಎಲ್ಲೂ ಹೋಗಿಲ್ಲ ಸ್ವಾಮಿ, ಇಲ್ಲೇ ಕೂತಿದ್ದೇವೆ, ನಿಮ್ಮ ಇಲಿ ಸಾಕುತ್ತಿದ್ದೇವೆ.

ಕೆಲಸ ಹೇಳಿದರೆ ಸರಳ. ಒಂದೇ ಮೂಲದ ಬಿಳಿ ಇಲಿಗಳನ್ನು ನಾಲ್ಕು ವಂಶ ಮಾಡಿದ್ದರು. ಎರಡು ವಂಶಗಳಲ್ಲಿ, ಪ್ರತಿ ತಲೆಮಾರಿನಲ್ಲೂ, ಚಕ್ರ ಕೊಟ್ಟಾಗ ಅತಿ ಹೆಚ್ಚು ಓಡಿದವನ್ನು ಆರಿಸಿ ಜೋಡಿ ಮಾಡಬೇಕು. ಅವು ಓಟದವು. ಉಳಿದೆರಡು ವಂಶಗಳಲ್ಲಿ ಆರಿಸುವಂತಿಲ್ಲ. ಚೀಟಿ ಎತ್ತಿ ಜೋಡಿ ಮಾಡಬೇಕು, ಓಡಲಿ ಬಿಡಲಿ. ಹೋಲಿಸಿ ನೋಡಲು ಅವು ಬೇಕು. ಅವಿಲ್ಲದಿದ್ದರೆ ಓಟದವು ಎಷ್ಟು ಓಡಿದರೂ ಅದಕ್ಕೆ ಅರ್ಥವಿಲ್ಲ. ಗೋಡೆಯಿಲ್ಲದೆ ಎತ್ತರ ಗುರುತಿಸಿದ ಹಾಗೆ. ಪುಸ್ತಕದಲ್ಲಿ ಅವಕ್ಕೆ ಕಂಟ್ರೋಲ್ ಎಂದು ಹೆಸರು. ಪ್ರಾಣಿಗೃಹದಲ್ಲಿ ಎಲ್ಲರೂ ಸೋಮಾರಿಗಳು ಎನ್ನುತ್ತಿದ್ದರು. ಹಾಗೆ ಮೊದಲು ಕರೆದವನು ಅವನೇ. ಅವು ಸೋಮಾರಿಗಳಾಗಿರಲಿಲ್ಲ, ಯಾರೂ ಆರಿಸದೆ ಬಿಟ್ಟವು, ಅಷ್ಟೆ. ಅದು ಅವನಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಸೋಮಾರಿಗಳು ಎನ್ನುವಾಗ ನಾಲಿಗೆಗೆ ಏನೋ ರುಚಿ. ಓಟದವನ್ನು ಅವನು ದ್ವೇಷಿಸುತ್ತಿದ್ದ. ಸಣಕಲು ಕಾಲು, ಮೈಯಲ್ಲಿ ಚೂರೂ ಕೊಬ್ಬಿಲ್ಲ, ಚಕ್ರ ತೆಗೆದರೆ ಕುಡುಕರ ಹಾಗೆ ಪಂಜರದ ಸರಳು ಕಡಿಯುತ್ತವೆ. ರಾತ್ರಿಯೆಲ್ಲ ಓಡಿ, ಬೆಳಿಗ್ಗೆ ಓಡಿದ ಜಾಗದಲ್ಲೇ ಇರುತ್ತವೆ. ಸೋಮಾರಿಗಳನ್ನಾದರೂ ಪ್ರೀತಿಸಿದ್ದನೇ ಎಂದರೆ ಅದೂ ಇಲ್ಲ. ಮೂಲೆಯಲ್ಲಿ ಹತ್ತಿಯೊಳಗೆ ಮುದುಡಿದ ಅವುಗಳ ಬೆನ್ನು ಕಂಡಾಗ ಮೈದಾನದ ನಡುವೆ ನಿಂತ ಹುಡುಗನ ಬೆನ್ನು ಕಂಡ ಹಾಗಾಗಿ, ಪಂಜರವನ್ನು ಕಟ್ಟೆಯ ಮೇಲೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದ.

ಚಕ್ರದ ಸುತ್ತು ಎಣಿಸುವ ಕೌಂಟರುಗಳ ಲೆಕ್ಕ ಓದಿ ಮುಗಿಸಿ ಸೂಜಿ ಬಾಗಿಲಲ್ಲೇ ಕಾಯುತ್ತಿದ್ದಳು. ಸಂಶೋಧನೆಗೆ ಸೇರಿದ ಹುಡುಗಿ. ತೆಳ್ಳಗಿದ್ದಳು, ಇಲಿಯ ಬಾಲದ ರಕ್ತನಾಳಕ್ಕೆ ಒಂದೇ ಸಲಕ್ಕೆ ಸೂಜಿ ಚುಚ್ಚುತ್ತಿದ್ದಳು, ಆದ್ದರಿಂದ ಆ ಹೆಸರು. ಆಸೆಗೆ ಸಂಬಂಧಪಟ್ಟ ಮೆದುಳಿನ ಭಾಗ ಎರಡು ಬಗೆಯ ವಂಶಗಳಲ್ಲಿ ಹೇಗೆ ಬೇರೆಯಾಗಿದೆ ಎಂಬುದು ಅವಳ ವಿಷಯ. ಈ ತಲೆಮಾರಿನ ಮೆದುಳುಗಳು ಸಿಕ್ಕಿಬಿಟ್ಟರೆ ಅವಳ ಪಿಎಚ್‌ಡಿ ಪ್ರಬಂಧ ಮುಗಿಯುತ್ತಿತ್ತು. ಅವಳ ಕಣ್ಣು ಹೊಳೆಯುತ್ತಿತ್ತು. ಹೊಳೆಯುವ ಕಣ್ಣುಗಳನ್ನು ಅವನು ನಂಬುತ್ತಿರಲಿಲ್ಲ.

"ಸರ್, ಸೋಮಾರಿಗಳು ಓಡಿವೆ."

"ಓಡಲ್ಲ ಅಂತ ಯಾರು ಹೇಳಿದ್ರು? ಸ್ವಲ್ಪ ಓಡ್ತಾವೆ."

"ಸ್ವಲ್ಪ ಅಲ್ಲ ಸರ್. ಹೋದ ತಲೆಮಾರಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಎರಡೂ ವಂಶದಲ್ಲಿ. ಒಂದೆರಡು ಪಂಜರ ಅಲ್ಲ, ಎಲ್ಲಾನೂ. ನಾನು ಎರಡು ಸಲ ಓದಿದೆ."

"ಓಟದವು?"

"ಅವು ಎಷ್ಟಿದ್ವೋ ಅಷ್ಟೇ." ಅವಳು ಲೆಕ್ಕದ ಪುಸ್ತಕ ಮುಚ್ಚಿ, "ಸರ್, ಒಂದು ಹೇಳೋದು ಮರೆತಿದ್ದೆ. ಈ ಸಲ ಸೋಮಾರಿಗಳ ಚಕ್ರಕ್ಕೆ ನಾನೇ ಎಣ್ಣೆ ಹಾಕ್ದೆ. ಕೀಚ್ ಕೀಚ್ ಅಂತ ತಲೆ ತಿಂತಿತ್ತು. ತೊಂದರೆ ಇಲ್ಲ ಅಲ್ವಾ?"

ಅವನಿಗೆ ತಿಳಿಯಲು ಒಂದು ಕ್ಷಣವೂ ಹಿಡಿಯಲಿಲ್ಲ. ಅಂದರೆ ಮೊದಲೇ ತಿಳಿದಿತ್ತು.

ಪ್ರತಿ ತಲೆಮಾರಿಗೂ ಇಲಿ ಬಿಡುವ ಮೊದಲು ಪ್ರತಿ ಚಕ್ರವನ್ನೂ ಬೆರಳಿನಿಂದ ಒಮ್ಮೆ ತಿರುಗಿಸಿ, ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ, ಬಿಗಿಯಾದ ಬೇರಿಂಗಿಗೆ ಎಣ್ಣೆ ಬಿಡಬೇಕು. ಇಲಿಯ ಮೂತ್ರ ಒಣಗಿ ಒಳಗೆಲ್ಲ ಸುಣ್ಣದಂತೆ ಕಟ್ಟಿಕೊಂಡಿರುತ್ತದೆ. ನೂರಾರು ಚಕ್ರಗಳು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತದೆ. ನಾಲ್ಕು ತಲೆಮಾರು ಹಿಂದೆ ಒಂದು ಮಧ್ಯಾಹ್ನ, ಓಟದವುಗಳ ಚಕ್ರ ಮುಗಿಸಿ ಸೋಮಾರಿಗಳ ಸಾಲಿಗೆ ಬಂದಾಗ, ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಆ ಉದ್ದದ ಕಪಾಟನ್ನು ನೋಡಿದ್ದ. ಓಡದವಕ್ಕೆ ಎಣ್ಣೆ ಯಾಕೆ ಎಂದು ಗಟ್ಟಿಯಾಗಿಯೇ ಅಂದಿದ್ದ. ಹೇಳಿದ ರೀತಿ ಅಪ್ಪನದು. ಅದು ಅವನಿಗೆ ಆಗಲೇ ಕೇಳಿಸಿತ್ತು. ಶಾಲೆಯ ಬೀರುವಿನಲ್ಲಿ ಕ್ಯಾನ್ವಾಸ್ ಶೂಗಳಿದ್ದವು, ಯಾರೋ ದಾನ ಕೊಟ್ಟವು, ಬೀಗದ ಕೈ ಅಪ್ಪನ ಸೊಂಟದಲ್ಲಿ. ತಂಡದ ಹುಡುಗರಿಗಷ್ಟೇ. ಒಂದು ಸಲ, ಒಂದೇ ಒಂದು ಸಲ, ಅವನು ಕೇಳಿದ್ದ. ಮೈದಾನ ಗರಸಿನದು, ಬಿಸಿಲಿಗೆ ಕಾಯುತ್ತಿತ್ತು. "ನಿನಗೆ ಶೂ ಯಾಕೋ, ನಿಂತ್ಕೊಳ್ಳೋಕಾ?" ಎಂದು ಅಪ್ಪ ಎಲ್ಲರ ಮುಂದೆ ಕೇಳಿದ್ದರು. ಅಂಗಿ ಹೊತ್ತವನ ತೋಳಿನ ಮೇಲೆ ಇನ್ನೊಂದು ಅಂಗಿ ಬಿತ್ತು. ಎಣ್ಣೆಯ ಡಬ್ಬಿಯನ್ನು ಅವನು ಕಪಾಟಿನ ಮೇಲಿಟ್ಟು ಊಟಕ್ಕೆ ಹೋದ. ಮುಂದಿನ ತಲೆಮಾರಿಗೆ ಯೋಚಿಸುವ ಅಗತ್ಯವೂ ಬೀಳಲಿಲ್ಲ.

ಆಮೇಲೆ ಆದದ್ದು ನಗೆಪಾಟಲು. ಬಹಳ ವರ್ಷಗಳಿಂದ ಓಟದವುಗಳ ಓಟ ಒಂದು ಮಿತಿಗೆ ಬಂದು ನಿಂತಿತ್ತು. ಎಷ್ಟು ಆರಿಸಿದರೂ ಏರುತ್ತಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಎರಡು ಬಗೆಯ ವಂಶಗಳ ನಡುವಿನ ಅಂತರ ಮತ್ತೆ ಬೆಳೆಯತೊಡಗಿತು. ಡೈರೆಕ್ಟರು ಕುಣಿದಾಡಿದರು. ಮಿತಿ ಮುರಿದಿದೆ ಎಂದು ಪ್ರಬಂಧ ಬರೆದರು, ಅದರಲ್ಲಿ ಎರಡನೆಯ ಹೆಸರು ಅವನದು. ಓಟದವು ಹೆಚ್ಚೇನೂ ಓಡಿರಲಿಲ್ಲ. ಸೋಮಾರಿಗಳು ಕಡಿಮೆ ಓಡಿದ್ದವು. ಪ್ರಬಂಧದಲ್ಲಿ ಅದನ್ನು ಅನುಪಾತವಾಗಿ ಬರೆದರು, ಆದ್ದರಿಂದ ಕಾಣಲಿಲ್ಲ. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅದು ಬರಲಿತ್ತು. ಅದು ಬಂದರೆ ಅವನ ಕೆಲಸ ಖಾಯಂ ಎಂದು ಡೈರೆಕ್ಟರು ಮಾತು ಕೊಟ್ಟಿದ್ದರು. ಬಿಗಿದ ಚಕ್ರವನ್ನು ತಳ್ಳಿ ನೋಡಿ, ಆಗದೆ, ಹತ್ತಿಯೊಳಗೆ ಹೋಗಿ ಮಲಗಿದ ಇಲಿಗಳು. ಸೋಮಾರಿಗಳು. ಯಾರೋ ಕಾಡಿನಂಚಿನಲ್ಲಿ ಸುಮ್ಮನೆ ಒಂದು ಚಕ್ರ ಇಟ್ಟು ಕಾದಾಗ ಕಾಡಿಲಿಗಳು ತಾವಾಗಿ ಬಂದು ಓಡಿದವಂತೆ, ಕಪ್ಪೆಯೂ ಹತ್ತಿತಂತೆ. ಅದನ್ನು ಓದಿದ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಪ್ಪೆಗೂ ಇರುವ ಆಸೆ.

"ಸರ್?" ಎಂದಳು ಸೂಜಿ. "ಮುಂಚೇನೂ ಇವಕ್ಕೆ ಎಣ್ಣೆ ಹಾಕ್ತಿದ್ರಿ ಅಲ್ವಾ?"

"ಹಾಕ್ತಿದ್ದೆ," ಎಂದ.

ಹೇಳಿದ ಮೇಲೆ ಅದು ಅಷ್ಟು ಸುಲಭವಾಗಿತ್ತಲ್ಲ ಎಂದು ಅವನಿಗೇ ಅಚ್ಚರಿಯಾಯಿತು. ಇನ್ನು ಸೋಮಾರಿಗಳು ಓಡಿದ್ದಕ್ಕೆ ಬೇರೆ ಕಾರಣ ಬೇಕಾಗಿತ್ತು. ಅದು ಅವನ ಮುಂದೆಯೇ ನಿಂತಿತ್ತು, ತೆಳ್ಳಗೆ, ಗೌನಿನ ದಾರವನ್ನು ಎರಡು ಸುತ್ತು ಸುತ್ತಿ ಕಟ್ಟಿಕೊಂಡು.

ಡೈರೆಕ್ಟರ ಕೋಣೆಯಲ್ಲಿ ಬೆವರಿದ ಶೂಗಳು ಕಿಟಕಿಯ ಮೇಲೆ ಒಣಗುತ್ತಿದ್ದವು. ಅವನು ನಿಂತೇ ಹೇಳಿದ. ಮರಿಗಳನ್ನು ತಾಯಿಯಿಂದ ಬಿಡಿಸಿದ ದಿನ ತಾನು ಅಪ್ಪನ ಕಣ್ಣು ತೋರಿಸಲು ರಜೆ ಹಾಕಿದ್ದೆ, ಇವಳೊಬ್ಬಳೇ ಮಾಡಿದಳು, ಎಲ್ಲಾ ಬಿಳಿ ಮರಿಗಳು, ಕಿವಿಗೆ ಗುರುತು ಬಿದ್ದಿರಲಿಲ್ಲ, ಓಟದ ಮರಿಗಳು ಸೋಮಾರಿಗಳ ಪಂಜರಕ್ಕೆ ಸೇರಿಹೋಗಿರಬೇಕು. ಒಂದು ಸುಳ್ಳಿನ ಸುತ್ತ ಎಷ್ಟೊಂದು ನಿಜಗಳನ್ನು ನಿಲ್ಲಿಸಬಹುದು. ಪಕ್ಕದಲ್ಲಿ ನಿಂತ ಸೂಜಿಯ ಬಾಯಿ ತೆರೆದದ್ದು ಹಾಗೇ ಇತ್ತು.

"ಇಲ್ಲ ಸರ್. ಒಂದೊಂದೇ ತಾಯಿ, ಒಂದೊಂದೇ ಪಂಜರ, ಹಾಗೇ ಮಾಡಿದ್ದು. ಬೆರೆತಿದ್ರೆ ಕೆಲವು ಮಾತ್ರ ಓಡ್ಬೇಕಿತ್ತು ಅಲ್ವಾ? ಇಲ್ಲಿ ಎಲ್ಲಾ ಪಂಜರದಲ್ಲೂ ಒಂದೇ ಥರ ಏರಿದೆ ನೋಡಿ."

ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುವ ಮಾತು. ಡೈರೆಕ್ಟರು ಸರಾಸರಿಯ ಸಾಲನ್ನಷ್ಟೇ ನೋಡುತ್ತಿದ್ದರು. "ಅಥವಾ ಚಕ್ರದ್ದೇನಾದ್ರೂ ಇರಬಹುದಾ?" ಎಂದು ತಲೆಯೆತ್ತದೆ ಅವನನ್ನು ಕೇಳಿದರು. ಕೇಳಿದ ದನಿಯಲ್ಲೇ ಬೇಡ ಎನ್ನುವ ಉತ್ತರವಿತ್ತು. ಈ ಮನುಷ್ಯನಿಗೂ ಪ್ರಬಂಧ ಬೇಕು, ಮಿತಿ ಮುರಿದಿರಬೇಕು, ತನ್ನ ಕಾಲು ಸವರಿಕೊಳ್ಳಬೇಕು. ಅವನಿಗೆ ಡೈರೆಕ್ಟರ ಮೇಲೆ ಬಂದಷ್ಟು ತಾತ್ಸಾರ ಆ ಹೊತ್ತಿನಲ್ಲಿ ತನ್ನ ಮೇಲೆ ಬರಲಿಲ್ಲ.

"ಚಕ್ರ ಸರಿಯಾಗಿವೆ ಸರ್."

"ವಂಶವಾಹಿ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗತ್ತೆ," ಎಂದಳು ಸೂಜಿ. "ಬಾಲದ ತುದಿ ಸಾಕು ಸರ್. ನಾನೇ ತೆಗೆದು ಕಳಿಸ್ತೀನಿ. ಬೆರೆತಿದ್ಯೋ ಇಲ್ವೋ ಖಚಿತ ಆಗಿಬಿಡತ್ತೆ."

"ನೋಡಮ್ಮ, ಪ್ರಬಂಧ ಅಚ್ಚಿಗೆ ಹೋಗಿರೋ ಹೊತ್ತಲ್ಲಿ ಹೊರಗಿನವರಿಗೆ ಬಾಲ ಕಳಿಸಿ ನಮ್ಮ ಇಲಿ ಬೆರಕೆನಾ ಅಂತ ಕೇಳೋಣವಾ? ಚೆನ್ನಾಗಿರತ್ತೆ." ಅವರು ಅವನ ಕಡೆ ತಿರುಗಿದರು. "ಇವತ್ತೇ ತೆಗೆದುಬಿಡಿ, ಎರಡೂ ವಂಶ. ಹಿಂದಿನ ತಲೆಮಾರಿನ ಜೋಡಿಗಳಿಂದ ಮತ್ತೆ ಮರಿ ಹಾಕಿಸಿ."

"ಸರ್, ಹಿಂದಿನ..." ಎಂದು ಸೂಜಿ ಶುರುಮಾಡಿದಳು.

"ನೀವು ಇವತ್ತಿಗೆ ಸಾಕಷ್ಟು ಮಾಡಿದ್ದೀರಿ," ಎಂದರು ಡೈರೆಕ್ಟರು. ಹುಡುಗಿಯ ಕುತ್ತಿಗೆ ಕೆಂಪಾಯಿತು. ಅವನು ನೋಡಿದ. ಮೈದಾನದಲ್ಲಿ ನಿಂತವರ ಕುತ್ತಿಗೆ ಹೊರಗಿನಿಂದ ಹೀಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಆಯ್ತು ಸರ್," ಎಂದು ಅವನು ಹೊರಬಂದ.

ಹೊರಗೆ ಕಾರಿಡಾರಿನಲ್ಲಿ ಅವಳು ಅವನ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ. "ಹಿಂದಿನ ತಲೆಮಾರು ಎಲ್ಲಿದೆ ಸರ್? ಜಾಗ ಇಲ್ಲ ಅಂತ ಹೋದ ತಿಂಗಳೇ ತೆಗೆದ್ವಲ್ಲ. ಅವರೇ ಹೇಳಿದ್ದು. ಅವರಿಗೆ ಮರೆತಿದೆ. ಇವನ್ನೂ ತೆಗೆದ್ರೆ ಸೋಮಾರಿಗಳ ವಂಶಾನೇ ಇರಲ್ಲ. ನನ್ನ ಪ್ರಬಂಧ ಬಿಡಿ, ಓಟದವನ್ನ ಯಾವುದರ ಜೊತೆ ಹೋಲಿಸ್ತೀರಾ? ನೀವು ಹೇಳಿದ್ರೆ ಕೇಳ್ತಾರೆ. ಒಳಗೆ ಹೋಗಿ ಹೇಳಿ ಸರ್."

ಬಾಗಿಲು ಹಿಂದೆಯೇ ಇತ್ತು. ಒಳಗೆ ಡೈರೆಕ್ಟರು ಫೋನಿನಲ್ಲಿ ಯಾರಿಗೋ ಆ ದಿನ ಎಷ್ಟು ದೂರ ಓಡಿದೆ ಎಂದು ಹೇಳುತ್ತಿದ್ದರು. ಇಲಿಗಳು ಬದುಕಿದ್ದರೆ ಬಾಲಗಳೂ ಇರುತ್ತವೆ. ಬಾಲಗಳಿದ್ದರೆ ಇವತ್ತಲ್ಲ ನಾಳೆ ಈ ಹುಡುಗಿ ತುದಿ ಕತ್ತರಿಸಿ ಎಲ್ಲಿಗಾದರೂ ಕಳಿಸುತ್ತಾಳೆ, ತನ್ನ ಕೈಯಿಂದಲೇ ದುಡ್ಡು ಹಾಕಿ. ಆ ಜಾತಿಯವಳು, ಓಡುವ ಜಾತಿ. ಬೆರೆತಿಲ್ಲ ಎಂದು ಬರುತ್ತದೆ. ಆಮೇಲೆ ಉಳಿಯುವುದು ಎಣ್ಣೆ ಒಂದೇ. ಇಷ್ಟೂ ಅವನಿಗೆ ಒಟ್ಟಿಗೇ ಹೊಳೆಯಿತು, ಒಂದೊಂದೇ ಯೋಚಿಸಿ ತಿಳಿದದ್ದಲ್ಲ. ಯೋಚಿಸಿದ್ದರೆ ನಾಚಿಕೆಗೆ ಸ್ವಲ್ಪ ಸಮಯ ಸಿಗುತ್ತಿತ್ತೇನೋ.

"ನನಗೆ ಹೇಳಿದ್ದನ್ನ ಮಾಡೋದಷ್ಟೇ ನನ್ನ ಕೆಲಸ," ಎಂದ.

ಅವಳು ಅವನ ಮುಖ ನೋಡಿದಳು. ಆಮೇಲೆ ತಿರುಗಿ ಪ್ರಾಣಿಗೃಹಕ್ಕೆ ಓಡಿದಳು. ಅವನು ನಡೆದುಕೊಂಡೇ ಹೋದ. ಹೋಗುವಷ್ಟರಲ್ಲಿ ಅವಳು ಓಟದವುಗಳ ಒಂದು ಚಕ್ರವನ್ನೂ ಸೋಮಾರಿಗಳ ಒಂದು ಚಕ್ರವನ್ನೂ ಬಿಚ್ಚಿ ದೀಪದ ಕೆಳಗೆ ಇಟ್ಟುಕೊಂಡು, ಬೇರಿಂಗಿನ ಒಳಗೆ ಬೆರಳುಗುರಿನಿಂದ ಕೆರೆಯುತ್ತಿದ್ದಳು. ಓಟದವುಗಳ ಚಕ್ರದಿಂದ ಹಳೆಯ ಎಣ್ಣೆಯ ಕಪ್ಪು ಜಿಡ್ಡು ಬಂತು. ಇನ್ನೊಂದರಲ್ಲಿ, ಅವಳೇ ಹಾಕಿದ ಹೊಸ ಎಣ್ಣೆಯ ಕೆಳಗೆ, ಒಣಗಿದ ಮೂತ್ರದ ಬಿಳಿ ಹಳಕು ಪದರ ಪದರವಾಗಿ ಎದ್ದು ಬಂತು.

"ಎಷ್ಟು ದಿನದಿಂದ ಸರ್?"

ಅವನು ಎಣ್ಣೆಯ ಡಬ್ಬಿಯ ಮುಚ್ಚಳ ಬಿಗಿಮಾಡಿದ.

"ಹಾಕಿರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಯಾರೂ ನಿಮ್ಮನ್ನ ನೇಣಿಗೆ ಹಾಕ್ತಿರಲಿಲ್ಲ."

"ನಿನಗೆ ಗೊತ್ತಿಲ್ಲ."

"ಹೌದು, ನನಗೆ ಗೊತ್ತಿಲ್ಲ. ನಾನು ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ, ಅದೂ ಗೊತ್ತಿರಲಿಲ್ಲ." ಅವಳು ಗೌನಿನ ದಾರ ಎಳೆದು ಬಿಚ್ಚಿ, ಮಡಿಸಿ, ಕಟ್ಟೆಯ ಮೇಲಿಟ್ಟಳು. ಡೈರೆಕ್ಟರ ಹತ್ತಿರ ಮತ್ತೆ ಹೋಗಿ ಅವಳು ಹೇಳಬಹುದಾಗಿತ್ತು. ಆದರೆ ಅವರ ಲೆಕ್ಕದಲ್ಲಿ ಅವಳು ಆಗಲೇ ಸಾಕಷ್ಟು ಮಾಡಿದವಳು. ಉಗುರಿನ ಸಂದಿಯ ಕೊಳೆಯನ್ನು ಯಾರು ಸಾಕ್ಷಿ ಎನ್ನುತ್ತಾರೆ? "ನನ್ನ ಕೈಯಲ್ಲಿ ಇವನ್ನ ತೆಗೆಸಬೇಡಿ," ಎಂದಳು. "ನೀವೇ ಮಾಡಿ."

ಅವನೇ ಮಾಡಿದ. ಗಾಜಿನ ಪೆಟ್ಟಿಗೆ, ಅನಿಲದ ಕೊಳವೆ, ನಿಧಾನಕ್ಕೆ ತಿರುಗಿಸಬೇಕಾದ ತಿರುಪು. ಪಂಜರದಿಂದ ಪಂಜರಕ್ಕೆ ಹೋಗಿ, ಬಾಲದ ಬುಡ ಹಿಡಿದು ಎತ್ತಿ, ಒಂದು ಸಲಕ್ಕೆ ಹಿಡಿಯುವಷ್ಟನ್ನು ಪೆಟ್ಟಿಗೆಗೆ ಬಿಟ್ಟ. ಹಗಲು ಇಲಿಗಳು ಮಲಗುವ ಹೊತ್ತು. ಹೆಚ್ಚಿನವು ಅರೆನಿದ್ದೆಯಲ್ಲೇ ಬಂದವು. ಒಂದು ಪಂಜರದಲ್ಲಿ ಮಾತ್ರ ಒಂದು ಎಚ್ಚರವಿತ್ತು. ಅದು ಚಕ್ರದೊಳಗೆ ಓಡುತ್ತಿತ್ತು, ಅವಸರವಿಲ್ಲದೆ, ಯಾರಿಗೂ ತೋರಿಸಲು ಅಲ್ಲದೆ. ಕೈ ಹಾಕಿದಾಗ ನಿಂತು, ಬೆರಳನ್ನು ಮೂಸಿ ನೋಡಿ, ಮತ್ತೆ ಓಡಿತು. ಚಕ್ರ ಸದ್ದಿಲ್ಲದೆ ತಿರುಗಿತು. ಅವನು ಕಾದ. ಅದು ತಾನಾಗಿ ನಿಲ್ಲಲಿ ಎಂದು ಕಾದದ್ದು ಕರುಣೆ ಎಂದು ಆಮೇಲೆ ಹೇಳಿಕೊಳ್ಳಬಹುದಾಗಿತ್ತು. ನಿಜವಾಗಿ ಅವನು ಕಾದದ್ದು ಅಸೂಯೆಯಿಂದ. ಕೊನೆಗೆ ಚಕ್ರವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ ಅದನ್ನು ಎತ್ತಿಕೊಂಡ. ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುತ್ತಿತ್ತು.

ಮುಗಿದಾಗ ಕ್ಯಾಂಟೀನು ಮುಚ್ಚಿತ್ತು. ಸೂಜಿ ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಪ್ರಬಂಧ ಅಚ್ಚಾಯಿತು. ಹಿಂದಿನ ಜೋಡಿಗಳು ಇಲ್ಲವೆಂದು ತಿಳಿದ ದಿನ ಡೈರೆಕ್ಟರು ಕೂಗಾಡಿ, ತೆಗೆಯಲು ಹೇಳಿದ ಕಾಗದದ ಮೇಲೆ ತಮ್ಮದೇ ರುಜು ನೋಡಿ, ಸುಮ್ಮನಾದರು. ಅವನಿಗೆ ಖಾಯಂ ಆಯಿತು. ಹೋದದ್ದು ಇಷ್ಟು: ಇಲಿಗಳು ನೂರಾ ಹನ್ನೆರಡು, ವಂಶ ಎರಡು, ತಲೆಮಾರು ಮೂವತ್ತೊಂದು, ಒಬ್ಬ ಹುಡುಗಿಯ ಮೂರು ವರ್ಷ, ಅವನ ಒಂದು ಹೊತ್ತಿನ ಊಟ.